ಕರೆವ್ವನ ಹೆಸರಿನ ಕಂಪನಿ

ಆಷಾಢದ ಒಂದು ಬುಧವಾರ, ಬೆಳಗಿನ ಬ್ಯಾಚಿನ ಹುಡುಗಿಯರು ಎದ್ದು ಹೋದ ಮೇಲೆ, ಕರೆವ್ವ ಟೈಪಿಂಗ್ ಕ್ಲಾಸಿನ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಕಂದು ಬಣ್ಣದ ಲಕೋಟೆ ಇತ್ತು. ಯಾರೋ ಅದನ್ನು ಆಗಲೇ ಒಡೆದು, ಓದಿ, ಮತ್ತೆ ಮಡಚಿದ್ದರು.

"ಬಾಯಾರ, ಇದನ್ನೀಟು ಓದಿ ಹೇಳ್ರಿ. ಟಪಾಲಿನವ ಓದಿದ. ಓದಿ ನನ್ನ ಮಾರಿ ನೋಡಿ ನಕ್ಕ. ಯಾಕ ನಗತೀಯೋ ಅಂದ್ರ ಹೇಳವಲ್ಲ."

ಕ್ಲಾಸಿನಲ್ಲಿ ಕಲಿಸುವ ನಲಿನಿ ಕುರ್ಚಿ ಸರಿಸಿ ಕುಳಿತುಕೊಳ್ಳಲು ಹೇಳಿದಳು. ಕರೆವ್ವ ಕೂಡಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಗಳಲ್ಲಿ ತುಂಬು, ಅಂದರೆ ಕಾಯಿಯ ತೊಟ್ಟು, ಬಿಡಿಸಲು ಹೋಗುವ ಹೆಂಗಸು ಅವಳು. ಸುಗ್ಗಿ ಮುಗಿದ ಮೇಲೆ ಯಾರದಾದರೂ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಗಂಡ ಜಟ್ಟೆಪ್ಪ ಹಮಾಲಿ ಮಾಡುತ್ತಿದ್ದವನು, ಸತ್ತು ಏಳು ವರ್ಷವಾಗಿತ್ತು. ಅಂದಿನಿಂದ ಅವಳಿಗೆ ವಿಧವಾ ಪಿಂಚಣಿ ಬರುತ್ತಿತ್ತು. ಮೂರು ತಿಂಗಳಿಂದ ಆ ಮನಿಯಾರ್ಡರ್ ಬಂದಿರಲಿಲ್ಲ.

ಲಕೋಟೆಯೊಳಗೆ ಎರಡು ಕಾಗದಗಳಿದ್ದವು. ಮೊದಲನೆಯದು ಹಾವೇರಿಯ ಮಾರಾಟ ತೆರಿಗೆ ಅಧಿಕಾರಿಯದು. ನಲಿನಿ ಅದನ್ನು ಒಮ್ಮೆ ಮನಸ್ಸಿನಲ್ಲೇ ಓದಿದಳು, ಆಮೇಲೆ ಗಟ್ಟಿಯಾಗಿ ಓದಿದಳು. ಕರೆವ್ವ ಕೋಂ ಹಾಲಸಿದ್ದಪ್ಪ, ಮಾಲಕರು, ಶಾಂಭವಿ ಟ್ರೇಡಿಂಗ್ ಕಂಪನಿ, ರಾಣೇಬೆನ್ನೂರು. ಇವರು ಈ ಸುಗ್ಗಿಯಲ್ಲಿ ಮಾಡಿದ ಮೆಣಸಿನಕಾಯಿ ವ್ಯಾಪಾರದ ತೆರಿಗೆ ಕಟ್ಟಿಲ್ಲ, ಅಂಗಡಿಯ ವಿಳಾಸಕ್ಕೆ ಕಳಿಸಿದ ಪತ್ರಗಳಿಗೂ ಉತ್ತರ ಕೊಟ್ಟಿಲ್ಲ, ಆದ್ದರಿಂದ ಮನೆಯ ವಿಳಾಸಕ್ಕೆ ಈ ನೋಟಿಸು. ಎರಡನೆಯದು ಪಿಂಚಣಿ ಶಾಖೆಯ ಪತ್ರದ ನಕಲು. ಫಲಾನುಭವಿಗಳ ಯಾದಿಯನ್ನು ತೆರಿಗೆಯವರ ದಾಖಲೆಯೊಂದಿಗೆ ತಾಳೆ ನೋಡಲಾಗಿ ಸದರಿಯವರು ವ್ಯಾಪಾರಸ್ಥರೆಂದು ಕಂಡುಬಂದದ್ದರಿಂದ ಪಿಂಚಣಿ ನಿಲ್ಲಿಸಲಾಗಿದೆ ಎಂದು ಅದರಲ್ಲಿತ್ತು.

ಕರೆವ್ವ ಎಲ್ಲವನ್ನೂ ಕೇಳಿದಳು.

"ಕಂಪನಿ ನಂದ?"

"ಹಂಗ ಬರದಾರ."

"ಅದಿರಲಿ. ಗಂಡನ ಹೆಸರು ಏನಂದ್ರಿ?"

"ಹಾಲಸಿದ್ದಪ್ಪ."

"ನನ್ನ ಗಂಡ ಜಟ್ಟೆಪ್ಪ. ಹಾಲಸಿದ್ದಪ್ಪ ನಮ್ಮ ಗ್ವಾಡಿ ಆಚಿ ಗದಿಗೆವ್ವನ ಗಂಡ. ಅಂವಾ ಸತ್ತು ಹತ್ತು ವರ್ಷ ಆತು. ಅದಕ್ಕ ಟಪಾಲಿನವ ನಕ್ಕಾನ. ಇದು ಗದಿಗೆವ್ವನ ಕಿವಿಗೆ ಬಿದ್ರ ಆಕಿ ನನ್ನ ಸುಮ್ನ ಬಿಡೂದಿಲ್ಲ."

ನಲಿನಿಗೆ ನಗು ಬರಲಿಲ್ಲ. ಹಾಲಸಿದ್ದಪ್ಪ ಎಂಬ ಹೆಸರು ಕಣ್ಣಿಗೆ ಬಿದ್ದ ಗಳಿಗೆಯಿಂದ ಅವಳ ಕಣ್ಣು ಕೋಣೆಯ ಕಪಾಟಿನ ಕಡೆಗೇ ಹೋಗುತ್ತಿತ್ತು.

ಅದು ೧೯೯೮. ಹಾವೇರಿ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಜನವರಿಯಲ್ಲಿ ಪಿಂಚಣಿ ಶಾಖೆಯ ಟೈಪಿಸ್ಟ್ ಬಾಣಂತನದ ರಜೆಯ ಮೇಲಿದ್ದಾಗ, ಪರಿಶೀಲನೆಗಾಗಿ ವಿಧವೆಯರ ಯಾದಿಯೊಂದನ್ನು ಟೈಪ್ ಮಾಡಿಕೊಡುವ ಕೆಲಸ ಈ ಕ್ಲಾಸಿಗೆ ಬಂದಿತ್ತು. ಹೆಸರು, ಗಂಡನ ಹೆಸರು, ವಯಸ್ಸು, ಓಣಿ, ಮನೆಯ ನಂಬರು. ನಲಿನಿಯೇ ನಾಲ್ಕು ದಿನ ಕೂತು ಅದನ್ನು ಮುಗಿಸಿದ್ದಳು. ಶಾಖೆಯವರು ಕೇಳಿದ್ದು ಒಂದೇ ಪ್ರತಿ. ಕ್ಲಾಸಿನ ಮಾಲಕರಾದ ಅಣ್ಣಾಜಿಯವರು, "ಒಂದು ಕಾರ್ಬನ್ ಹಾಕಿ ಇಡು, ನಮ್ಮ ಫೈಲಿಗೆ ಇರಲಿ" ಎಂದಿದ್ದರು. ಎರಡನೆಯ ದಿನ ಒಂದು ಕಡೆ ಅವಳ ಕಣ್ಣು ಸಾಲು ತಪ್ಪಿ, ಕರೆವ್ವನ ಮುಂದೆ ಕೆಳಗಿನ ಸಾಲಿನ ಗದಿಗೆವ್ವನ ಗಂಡನ ಹೆಸರು ಬಿದ್ದಿತ್ತು. ಹಾಳೆ ತೆಗೆದು ತಾಳೆ ನೋಡುವಾಗ ಅದು ಗೊತ್ತಾಯಿತು. ಅಸಲು ಪ್ರತಿಯ ಮೇಲೆ ಬಿಳಿ ಬಣ್ಣ ಹಚ್ಚಿ ಒಣಗಿಸಿ, ಅದೊಂದನ್ನೇ ಮತ್ತೆ ಯಂತ್ರಕ್ಕೆ ಏರಿಸಿ ಜಟ್ಟೆಪ್ಪ ಎಂದು ತಿದ್ದಿದಳು. ಕಾರ್ಬನ್ ಪ್ರತಿಯನ್ನು ತಿದ್ದಲು ಹೋಗಲಿಲ್ಲ. ಫೈಲಿನಲ್ಲಿ ಕೊಳೆಯುವ ಕಾಗದಕ್ಕೆ ಯಾಕೆ ಎಂದು ಬಿಟ್ಟಿದ್ದಳು.

ಕರೆವ್ವನನ್ನು ಹಾಲಸಿದ್ದಪ್ಪನ ಹೆಂಡತಿ ಮಾಡಿದ ಕಾಗದ ಜಗತ್ತಿನಲ್ಲಿ ಒಂದೇ ಒಂದು ಇತ್ತು. ಅದು ಇದೇ ಕೋಣೆಯ ಕಪಾಟಿನಲ್ಲಿ ಇರಬೇಕಾಗಿತ್ತು.

"ರಾಣೇಬೆನ್ನೂರಾಗ ಎಲ್ಲಿ ಐತಂತ ಅಂಗಡಿ?" ಕರೆವ್ವ ಕೇಳಿದಳು.

ನಲಿನಿ ವಿಳಾಸ ಓದಿದಳು.

"ನೋಡಿ ಬರೂಣು ನಡೀರಿ. ನನಗ ಓದಾಕ ಬರೂದಿಲ್ಲ, ಒಬ್ಬಾಕಿ ಹೋದ್ರ ಸಿಗೂದಿಲ್ಲ. ನನ್ನ ಹೆಸರೀಲೆ ಅಂಗಡಿ ಐತಿ ಅಂದ ಮ್ಯಾಲ ಒಮ್ಮಿ ಕಣ್ಣಿಲೆರ ನೋಡಬೇಕು."

ರವಿವಾರ ಹೋಗೋಣ ಎಂದಳು ನಲಿನಿ. ಕರೆವ್ವ ಮೆಟ್ಟಿಲು ಇಳಿದ ಕೂಡಲೇ ಬಾಗಿಲು ಮುಂದೆ ಮಾಡಿ ಕಪಾಟು ತೆಗೆದಳು. ಹಳೆಯ ಪ್ರಶ್ನೆಪತ್ರಿಕೆಗಳು, ಬಾಡಿಗೆ ಕರಾರುಗಳು, ರಿಬ್ಬನ್ ಡಬ್ಬಿಗಳು ಇದ್ದವು. ಜನವರಿಯ ಫೈಲಿನಲ್ಲಿ ಬರೀ ದಾರವಿತ್ತು.

ಅಣ್ಣಾಜಿಯವರು ಮಧ್ಯಾಹ್ನ ಬಂದರು. ಅರವತ್ತು ದಾಟಿದ, ಮೆದು ಮಾತಿನ ಮನುಷ್ಯ. ಬಿಸಿಲಿರಲಿ ಮಳೆಯಿರಲಿ ಅವರ ಕೈಯಲ್ಲಿ ಕೊಡೆ ಇರುತ್ತಿತ್ತು. ಕ್ಲಾಸು ನಡೆಸುವುದರ ಜೊತೆಗೆ ಮೆಣಸಿನಕಾಯಿ ವ್ಯಾಪಾರಸ್ಥರ ತೆರಿಗೆಯ ಕಾಗದಪತ್ರಗಳನ್ನೂ ನೋಡಿಕೊಳ್ಳುತ್ತಿದ್ದರು. ನಲಿನಿಯ ತಂದೆಯ ಗೆಳೆಯರು. ತಂದೆ ತೀರಿಕೊಂಡಾಗ ತಾಯಿ ಜಾನಕೀಬಾಯಿಯ ಕುಟುಂಬ ಪಿಂಚಣಿಗಾಗಿ ಆರು ತಿಂಗಳು ಧಾರವಾಡಕ್ಕೆ ಓಡಾಡಿದವರು ಅವರೇ. ನಲಿನಿಗೆ ಟೈಪಿಂಗ್ ಕಲಿಸಿ ಕೆಲಸ ಕೊಟ್ಟವರೂ ಅವರೇ.

"ಕಾಕಾ, ಜನವರಿಯೊಳಗ ಮಾಡಿದ ಯಾದಿದು ಕಾರ್ಬನ್ ಪ್ರತಿ ಎಲ್ಲದ?"

"ಯಾವ ಯಾದಿ?"

"ವಿಧವಾ ಪಿಂಚಣಿದು."

ಅವರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. ಒರೆಸುವುದು ಬಹಳ ಹೊತ್ತು ನಡೆಯಿತು.

"ಇಲಿ ತಿಂದಿರಬೇಕು. ಯಾಕ?"

"ಏನಿಲ್ಲ. ಸುಮ್ಮನ ಕೇಳಿದೆ."

ಅಂದಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂಡಲಾಗಲಿಲ್ಲ. ಗುರುವಾರ ಒಂದು ಬಾಡಿಗೆ ಕರಾರನ್ನು ಮೂರು ಸಲ ಹರಿದು ಹೊಸದಾಗಿ ಟೈಪ್ ಮಾಡಿದಳು. ಹುಡುಗಿಯರ ಹತ್ತು ಯಂತ್ರಗಳ ಸದ್ದು ತಲೆಯೊಳಗೆ ಹೊಕ್ಕಂತಾಗಿ ಮಧ್ಯದಲ್ಲೇ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ನಿಂತಳು. ಎದುರಿನ ರಸ್ತೆಯಲ್ಲಿ ತಲೆಯ ಮೇಲೆ ಸೆರಗು ಹೊದ್ದು ಯಾರು ಹೋದರೂ ಆ ಯಾದಿಯಲ್ಲಿ ಇವಳ ಹೆಸರೂ ಇದ್ದಿರಬಹುದೇ, ಎಷ್ಟನೆಯ ಪುಟದಲ್ಲಿ ಎಂದು ನೆನಪಿಸಿಕೊಳ್ಳತೊಡಗಿದಳು. ನೆನಪಿಗೆ ಬರುತ್ತಿರಲಿಲ್ಲ. ನಾಲ್ಕು ದಿನ ಆ ಹೆಸರುಗಳನ್ನು ಬೆರಳಿನಿಂದ ಮುಟ್ಟಿದ್ದಳು, ಒಂದನ್ನೂ ಓದಿರಲಿಲ್ಲ.

ರವಿವಾರ ಬೆಳಿಗ್ಗೆ ಇಬ್ಬರೂ ರಾಣೇಬೆನ್ನೂರಿನ ಬಸ್ಸು ಹತ್ತಿದರು. ಕರೆವ್ವ ಮದುವೆಗೆ ಉಡುವ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಮೋಟೆಬೆನ್ನೂರು ದಾಟಿ ಬಸ್ಸು ಹೈವೇಗೆ ಬಿದ್ದ ಮೇಲೆ ನಲಿನಿ ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಕರೆವ್ವ ಬೇರೆ ಏನೋ ಕೇಳಿದಳು. ಅಂಗಡಿ ಎಂದರೆ ಬಾಗಿಲಿನದೋ ಶಟರಿನದೋ? ಬೋರ್ಡು ಇರುತ್ತದೆಯೋ? ಬೋರ್ಡಿನ ಮೇಲೆ ತನ್ನ ಹೆಸರೂ ಇರುತ್ತದೆಯೋ?

ವಿಳಾಸ ಹುಡುಕಲು ಒಂದು ತಾಸು ಹಿಡಿಯಿತು. ಹತ್ತಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಬೀಜದ ಅಂಗಡಿಯವನೊಬ್ಬ ಮನೆಯ ನಂಬರು ನೋಡಿ, ಸಂದಿಯ ಕೊನೆಗೆ ಬೆರಳು ಮಾಡಿದ. ಅಲ್ಲಿ ಅಂಗಡಿ ಇರಲಿಲ್ಲ. ತಗಡಿನ ಮಾಡಿನ ಒಂದು ಕೋಣೆ ಇತ್ತು. ಬಾಗಿಲಲ್ಲಿ ಮೂವತ್ತೈದರ ಹೆಂಗಸೊಬ್ಬಳು ಹೊಲಿಗೆ ಯಂತ್ರದ ಮುಂದೆ ಕೂತು ಲಂಗ ಹೊಲಿಯುತ್ತಿದ್ದಳು. ಅವಳ ಹೆಸರು ಜಾಹೀದಾ.

"ಶಾಂಭವಿ ಟ್ರೇಡಿಂಗ್ ಕಂಪನಿ ಇದ ಏನ್ರಿ?" ನಲಿನಿ ಕೇಳಿದಳು.

ಜಾಹೀದಾ ಕಾಲು ನಿಲ್ಲಿಸಿದಳು. "ನೀವು ಆಫೀಸಿನವರೇನ್ರಿ?"

"ಅಲ್ಲ."

"ನಾ ಮಾಲಕಳು," ಎಂದಳು ಕರೆವ್ವ.

ಜಾಹೀದಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಹಾಗೆ ನೋಡಿದ ಮೇಲೆ ಹೆದರಿಕೆ ಸ್ವಲ್ಪ ಇಳಿದಂತೆ ಕಂಡಿತು. ಒಳಗೆ ಕರೆದು ಚಾಪೆ ಹಾಸಿದಳು. ಆರು ತಿಂಗಳ ಹಿಂದೆ ಬ್ಯಾಡಗಿಯಿಂದ ಒಬ್ಬ ಹಿರಿಯರು ಬಂದಿದ್ದರಂತೆ. ಕೆಲವು ಪತ್ರಗಳು ಈ ವಿಳಾಸಕ್ಕೆ ಬರುತ್ತವೆ, ಒಡೆಯದೆ ಎತ್ತಿಡಬೇಕು, ತಿಂಗಳಿಗೊಮ್ಮೆ ಬಂದು ಒಯ್ಯುತ್ತೇನೆ ಎಂದಿದ್ದರಂತೆ. ಕೋಣೆಯ ಬಾಡಿಗೆ ಅವರೇ ಕಟ್ಟುತ್ತಿದ್ದರು. ಎರಡು ತಿಂಗಳಿಂದ ಬಂದಿಲ್ಲ.

"ಹೆಂಗದಾರ ಅವರು?" ಎಂದಳು ನಲಿನಿ. ಕೇಳುವಾಗಲೇ ಉತ್ತರ ಬೇಡವೆನಿಸಿತು.

"ಒಳ್ಳೆ ಮನಷ್ಯಾರ್ರಿ. ಸಾವಕಾಶ ಮಾತಾಡ್ತಾರ. ಬ್ಯಾಸಿಗಿ ಒಳಗೂ ಕೊಡಿ ಹಿಡಕೊಂಡು ಬರ್ತಾರ."

ಜಾಹೀದಾ ಗೂಟಕ್ಕೆ ತೂಗುಹಾಕಿದ್ದ ಬಟ್ಟೆಯ ಚೀಲ ಇಳಿಸಿ ಚಾಪೆಯ ಮೇಲೆ ಸುರುವಿದಳು. ಎಲ್ಲವೂ ಅಂಥವೇ ಕಂದು ಲಕೋಟೆಗಳು. ನಲಿನಿ ಒಂದೊಂದನ್ನೇ ಎತ್ತಿ ವಿಳಾಸ ಓದಿದಳು. ಕರೆವ್ವನದು ಮೂರು ಇದ್ದವು. ಗದಿಗೆವ್ವ. ರೇಣುಕವ್ವ. ದೇವವ್ವ. ಬೇರೆ ಬೇರೆ ಕಂಪನಿಗಳು, ವಿಳಾಸ ಮಾತ್ರ ಈ ಕೋಣೆಯದು. ಹನ್ನೊಂದು ಹೆಂಗಸರ ಹೆಸರಾದವು. ಪ್ರತಿಯೊಂದು ಹೆಸರು ಕೇಳಿದಾಗಲೂ ಕರೆವ್ವ, "ಆಕಿ ನಮ್ಮ ಸಾಲಾಗ ಕುಂದರ್ತಾಳ," "ಆಕಿಗೆ ಕಣ್ಣು ಕಾಣೂದಿಲ್ಲ," "ಆಕಿ ಹ್ವಾದ ತಿಂಗಳ ತೀರಿಕೊಂಡ್ಳು" ಎನ್ನುತ್ತ ಹೋದಳು.

ಕೊನೆಗೆ ಲಕೋಟೆಗಳನ್ನು ಒಟ್ಟುಗೂಡಿಸುತ್ತ ಕೇಳಿದಳು. "ಇಷ್ಟು ಮಂದಿ ಹೆಸರು, ಮನಿ ನಂಬರು, ಒಬ್ಬಾಂವಗ ಹೆಂಗ ಸಿಕ್ಕವು? ನಾವೇನು ಸಾರಿಕೊಂತ ಹೋಗಿಲ್ಲ."

"ನಾ ಟೈಪ್ ಮಾಡಿ ಕೊಟ್ಟಿದ್ದೆ," ಎಂದಳು ನಲಿನಿ. "ಪಿಂಚಣಿ ಶಾಖೆಯವರ ಯಾದಿ. ಒಂದು ಪ್ರತಿ ಕ್ಲಾಸಿನೊಳಗ ಉಳದಿತ್ತು. ನಮ್ಮ ಅಣ್ಣಾಜಿ ಕಾಕಾ ಅದನ್ನ ತಗೊಂಡಾರ. ನನಗ ಗೊತ್ತಿರಲಿಲ್ಲ ಕರೆವ್ವಾ. ಆದರ ಟೈಪ್ ಮಾಡಿದ್ದು ನಾನ."

ಜಾಹೀದಾ ಯಂತ್ರದ ಮೇಲಿನ ಬಟ್ಟೆಯನ್ನು ಮಡಚಿದಳು, ಮತ್ತೆ ಬಿಚ್ಚಿದಳು. ಕರೆವ್ವ ಕೈಯಲ್ಲಿದ್ದ ಲಕೋಟೆಗಳನ್ನು ಚಾಪೆಯ ಮೇಲಿಟ್ಟಳು.

"ಗದಿಗೆವ್ವನ ಗಂಡನ್ನ ನನಗ ಹಚ್ಚಿದಾಕಿನೂ ನೀವ ಏನು?"

"ಹೂಂ. ಸಾಲು ತಪ್ಪಿತ್ತು."

ಕರೆವ್ವ ಎದ್ದು ಲಕೋಟೆಗಳನ್ನೆಲ್ಲ ಚೀಲಕ್ಕೆ ತುಂಬಿದಳು. "ಈ ಚೀಲ ನಾ ಒಯ್ತೇನವಾ," ಎಂದು ಜಾಹೀದಾಳಿಗೆ ಹೇಳಿದಳು. "ಅಂವಾ ಬಂದು ಕೇಳಿದ್ರ, ಮಾಲಕಳು ಬಂದಿದ್ಳು, ಒಯ್ದಾಳ ಅಂತ ಹೇಳು."

"ನನ್ನ ಹೆಸರು ಏನರ ಇದರಾಗ ಬರತೈತೇನ್ರಿ?" ಜಾಹೀದಾ ನಲಿನಿಯನ್ನು ಕೇಳಿದಳು.

ಮರಳಿ ಬರುವ ಬಸ್ಸಿನಲ್ಲಿ ಕರೆವ್ವ ಹಿಂದಿನ ಸೀಟಿಗೆ ಹೋಗಿ ಕುಳಿತಳು. ಬ್ಯಾಡಗಿಯಲ್ಲಿ ಇಳಿದಾಗಲೂ ಹಿಂತಿರುಗಿ ನೋಡಲಿಲ್ಲ.

ಸೋಮವಾರ ನಲಿನಿ ಅಣ್ಣಾಜಿಯವರು ಬರುವವರೆಗೂ ಕಾಯಲಿಲ್ಲ, ಅವರ ಮನೆಗೇ ಹೋದಳು. ಅವರು ಪಡಸಾಲೆಯಲ್ಲಿ ಕೂತು ಅಡಕೆ ಕತ್ತರಿಸುತ್ತಿದ್ದರು. ಜಾಹೀದಾಳ ಹೆಸರು ಹೇಳಿದ ಕೂಡಲೇ ಅಡಕತ್ತರಿ ಕೆಳಗಿಟ್ಟರು.

"ಕೂಡು."

"ಬ್ಯಾಡ ಕಾಕಾ."

"ನೋಡು ನಲಿನೀ, ಈ ವ್ಯಾಪಾರಸ್ಥರೆಲ್ಲಾ ಹಿಂಗ ಮಾಡ್ತಾರ. ಯಾರದೋ ಹೆಸರಿನ ಮ್ಯಾಲೆ ಒಂದು ಫರ್ಮು ತಗೀತಾರ. ಸುಗ್ಗಿಯೊಳಗ ಮಾಲು ಅದರ ಬಿಲ್ಲಿನ ಮ್ಯಾಲೆ ಹೋಗತದ. ಸುಗ್ಗಿ ಮುಗೀತು, ಫರ್ಮು ಮುಗೀತು. ತೆರಿಗಿ ಕೇಳಲಿಕ್ಕೆ ಬಂದಾಗ ಯಾರೂ ಇರೂದಿಲ್ಲ. ನಾ ಕೊಡಲಿಲ್ಲಂದ್ರ ಇನ್ನೊಬ್ಬ ಕೊಡ್ತಿದ್ದ. ಬರೇ ಹೆಸರು. ಹೆಸರು ಕೊಟ್ರ ಆ ಹೆಂಗಸರದು ಏನು ಹೋಗ್ತಿತ್ತು? ಅವರಿಗೆ ಗೊತ್ತ ಆಗ್ತಿರಲಿಲ್ಲ."

"ಪಿಂಚಣಿ ಹೋಗೇದ."

"ಅದು ನನಗ ಹೊಳೀಲಿಲ್ಲ." ಮೊದಲ ಬಾರಿಗೆ ಅವರ ದನಿ ತಗ್ಗಿತು. "ಎರಡೂ ಕಚೇರಿ ಒಂದಕ್ಕೊಂದು ಕಾಗದ ತೋರಿಸ್ತಾವಂತ ಯಾರಿಗೆ ಗೊತ್ತಿತ್ತು? ಈ ಕೆಲಸ ಮಾಡಿದ ನಾಲ್ವತ್ತು ವರ್ಷದೊಳಗ ಒಂದು ಕಚೇರಿ ಇನ್ನೊಂದರ ಮಾರಿ ನೋಡಿದ್ದಿಲ್ಲ. ಹೊಸಾ ಜಿಲ್ಲಾ ಆತು, ಹೊಸಾ ಹುಕುಂ ಬಂತು. ನಾ ಅವರಿಗೆಲ್ಲಾ ಪರಿಹಾರ ಕೊಡಸ್ತೀನಿ. ನೀ ಸುಮ್ಮನಿರು, ಅಷ್ಟ ಸಾಕು."

"ಸುಮ್ಮನಿರಲಿಕ್ಕೆ ಆಗವಲ್ತು ಕಾಕಾ. ಬುಧವಾರದಿಂದ ನೋಡ್ಲಿಕ್ಕತ್ತೀನಿ, ಆಗವಲ್ತು."

ಅವರು ಅಡಕತ್ತರಿ ಎತ್ತಿಕೊಂಡರು. ಆದರೆ ಕತ್ತರಿಸಲಿಲ್ಲ. "ನಿಮ್ಮವ್ವನ್ನ ಒಂದು ಮಾತು ಕೇಳು," ಎಂದರು.

ಜಾನಕೀಬಾಯಿ ಮಗಳ ಮಾತನ್ನೆಲ್ಲ ಕೇಳಿ ಅತ್ತರು. ಗಂಡ ಸತ್ತ ಹದಿನಾಲ್ಕನೆಯ ದಿನ ಅಣ್ಣಾಜಿ ಇದೇ ಕಂಬದ ಬಳಿ ನಿಂತು, ಜಾನಕೀ ನೀ ಹೆದರಬ್ಯಾಡ ಎಂದಿದ್ದನ್ನು ಹೇಳಿದರು. "ಅವರ ಮ್ಯಾಲೆ ನೀ ಬರಕೊಟ್ರ ಊರಾಗ ನಮಗ ಯಾರು ಬಾಗಲಾ ತಗೀತಾರ?"

"ಅವ್ವಾ, ನೀನೂ ಒಂದು ಯಾದಿಯೊಳಗ ಇದ್ದೀ. ನಿನ್ನ ಹೆಸರು, ಅಪ್ಪನ ಹೆಸರು, ಈ ಮನಿ ನಂಬರು. ಅದನ್ನೂ ಯಾರೋ ಟೈಪ್ ಮಾಡಿರ್ತಾರ."

ಜಾನಕೀಬಾಯಿ ಕಣ್ಣೊರೆಸಿಕೊಂಡು ಒಳಗೆ ಹೋದರು. ಹೋಗು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಮಂಗಳವಾರ ಬೆಳಿಗ್ಗೆ ನಲಿನಿ ಬಸ್ ನಿಲ್ದಾಣಕ್ಕೆ ಬಂದಾಗ ಕರೆವ್ವ ಅಲ್ಲಿದ್ದಳು. ಪಕ್ಕದಲ್ಲಿ ಗದಿಗೆವ್ವ, ಎತ್ತರದ, ಮಾತು ಕಡಿಮೆಯ ಹೆಂಗಸು. ಚೀಲ ಕರೆವ್ವನ ತೊಡೆಯ ಮೇಲಿತ್ತು.

"ನೀವು ಹಾವೇರಿಗೆ ಹೋಗತೀರಿ ಅಂತ ನಿಮ್ಮವ್ವಾರು ಹೇಳಿದ್ರು. ನಿಮ್ಮನ್ನ ನಂಬಿ ಬಂದಿಲ್ಲ ನಾವು. ಚೀಲ ನಮ್ಮ ಕೈಯಾಗ ಇರಲಿ ಅಂತ ಬಂದೇವಿ."

"ಬರ್ರಿ," ಎಂದಳು ನಲಿನಿ.

ಹಾವೇರಿಯ ತೆರಿಗೆ ಕಚೇರಿ ಬಾಡಿಗೆ ಮನೆಯೊಂದರ ಮಾಳಿಗೆಯಲ್ಲಿತ್ತು. ಅಧಿಕಾರಿ ಪ್ರಭುಲಿಂಗಪ್ಪನವರ ಮೇಜಿನ ಸುತ್ತ ನೆಲದ ಮೇಲೂ ಫೈಲುಗಳಿದ್ದವು. ಅವರು ನೋಟಿಸು ನೋಡಿ, ಚೀಲ ನೋಡಿ, ಮೂವರ ಹೆಸರೂ ಕೇಳಿದರು.

"ಇಬ್ಬರೂ ಮಾಲಕರು ಕೂಡೇ ಬಂದೀರಿ. ಚಲೋ ಆತು."

"ನಾ ಹಾಲಸಿದ್ದಪ್ಪನ ಹೇಣ್ತಿ ಅಲ್ರಿ," ಎಂದಳು ಕರೆವ್ವ.

"ನಾನು," ಎಂದಳು ಗದಿಗೆವ್ವ.

ಪ್ರಭುಲಿಂಗಪ್ಪನವರು ರಿಜಿಸ್ಟರು ತೆಗೆದರು. "ಪಿಂಚಣಿ ಯಾದಿಗೂ ನಮ್ಮ ಯಾದಿಗೂ ಹೆಸರು ಕೂಡತೈತಿ, ವಯಸ್ಸು ಕೂಡತೈತಿ, ಮನಿ ನಂಬರೂ ಕೂಡತೈತಿ. ಗಂಡನ ಹೆಸರೊಂದು ಬ್ಯಾರೆ ಐತಿ, ಖರೇ. ಅದು ಟೈಪಿಂಗ್ ತಪ್ಪು ಇರಬೇಕಂತ ನಾವು ಬಿಟ್ವಿ."

"ಟೈಪಿಂಗ್ ತಪ್ಪು ಖರೇರಿ," ಎಂದಳು ನಲಿನಿ. "ಆ ತಪ್ಪು ನಂದು."

ಅವಳು ನಿಂತೇ ಎಲ್ಲವನ್ನೂ ಹೇಳಿದಳು. ನಡುನಡುವೆ ಮಾತು ಮುಂದಿನದು ಹಿಂದೆ, ಹಿಂದಿನದು ಮುಂದೆ ಆಗುತ್ತಿತ್ತು. ಅವರು ತಡೆದು, ನೀರು ಕುಡಿಯಿರಿ ಎಂದರು. ಅವಳು ಕುಡಿಯಲಿಲ್ಲ. ಪಿಂಚಣಿ ಶಾಖೆಯಿಂದ ಬಂದ ಅಸಲು ಯಾದಿ ನಿಮ್ಮ ಬಳಿ ಇದ್ದರೆ, ಕರೆವ್ವನ ಸಾಲು ತೆಗೆದು ಹಾಳೆಯನ್ನು ಹಿಂದಿನಿಂದ ಬೆಳಕಿಗೆ ಹಿಡಿಯಿರಿ ಎಂದಳು.

ಅವರು ಯಾದಿ ಹುಡುಕಿ ತೆಗೆದರು, ಕಿಟಕಿಯ ಹತ್ತಿರ ಹೋದರು. ಮುಂದಿನಿಂದ ನೋಡಿದರೆ ಬಿಳಿ ಬಣ್ಣದ ಮೇಲೆ ಜಟ್ಟೆಪ್ಪ ಎಂದಿತ್ತು. ತಿರುಗಿಸಿ ಹಿಡಿದರು. ಕನ್ನಡಿಯೊಳಗಿನಂತೆ ತಿರುವುಮುರುವಾದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸುತ್ತ, "ಹಾ... ಲ... ಸಿ..." ಎಂದು ಓದಿದರು. ಆಮೇಲೆ ಬಂದು ಕುರ್ಚಿಯಲ್ಲಿ ಕುಳಿತರು.

"ಹಂಗಾದ್ರ ನಮ್ಮ ಕಡೆ ಬಂದ ಅರ್ಜಿ, ತಿದ್ದದ ಪ್ರತಿ ನೋಡಿ ಬರದದ್ದು."

"ಹೌದ್ರಿ."

"ಇದನ್ನ ನೀವು ಬರದು ಸಹಿ ಮಾಡಿದ್ರ ನಿಮ್ಮ ಹೆಸರೂ ಕೇಸಿನಾಗ ಬರತೈತಿ. ನಿಮಗ ಗೊತ್ತೈತಿ?"

"ಬರಲಿ. ಆ ರಾಣೇಬೆನ್ನೂರಿನ ಜಾಹೀದಾ ಏನೂ ತಿಳೀದಾಕಿ, ಅದನ್ನೂ ಬರೀತೀನಿ."

ಅವಳು ನಾಲ್ಕು ಪುಟ ಕೈಯಿಂದ ಬರೆದಳು. ಕರೆವ್ವ ಹೊರಗಿನ ಬೆಂಚಿನ ಮೇಲೆ ಚೀಲ ಹಿಡಿದುಕೊಂಡು ಕೂತಿದ್ದಳು. ಚೀಲಕ್ಕೆ ರಸೀದಿ ಕೊಟ್ಟರೆ ಮಾತ್ರ ಬಿಡುತ್ತೇನೆ ಎಂದು ಹಟ ಹಿಡಿದಳು. ಅಧಿಕಾರಿಗೆ ಅದೂ ಸರಿಯೆನಿಸಿತು. ರಸೀದಿ ಬರೆಸಿಕೊಟ್ಟರು.

ಮುಂದಿನದು ನಿಧಾನವಾಗಿ ನಡೆಯಿತು. ಹನ್ನೊಂದು ಕಂಪನಿಗಳ ನೋಂದಣಿ ಗಣೇಶ ಚತುರ್ಥಿಯ ಹೊತ್ತಿಗೆ ರದ್ದಾಯಿತು. ಆ ಬಿಲ್ಲುಗಳ ಮೇಲೆ ಮಾಲು ಸಾಗಿಸಿದ ಇಬ್ಬರು ವ್ಯಾಪಾರಸ್ಥರು ದಂಡ ಕಟ್ಟಿ, ಮುಂದಿನ ಸುಗ್ಗಿಗೆ ಮತ್ತೆ ಅಂಗಡಿ ತೆರೆದರು. ಅಣ್ಣಾಜಿಯವರನ್ನು ಮೂರು ಸಲ ಹಾವೇರಿಗೆ ಕರೆಸಿದರು. ತೆರಿಗೆಯ ಕೆಲಸ ಮಾಡುವ ಅವರ ಪರವಾನಗಿ ಹೋಯಿತು. ಕ್ಲಾಸು ಮುಚ್ಚಿ, ಯಂತ್ರಗಳನ್ನು ದಾವಣಗೆರೆಯ ಯಾರಿಗೋ ಮಾರಿದರು. ನಲಿನಿಗೆ ಎಚ್ಚರಿಕೆಯ ಪತ್ರ ಬಂತು, ಅಷ್ಟಕ್ಕೇ ಬಿಟ್ಟರು. ಜಾನಕೀಬಾಯಿ ಅಂದದ್ದು ಪೂರ್ತಿ ಸುಳ್ಳಾಗಲಿಲ್ಲ. ಬ್ಯಾಡಗಿಯಲ್ಲಿ ಯಾವ ಅಂಗಡಿಯವರೂ ಅವಳಿಗೆ ಒಂದು ಹಾಳೆಯ ಕೆಲಸ ಕೊಡಲಿಲ್ಲ. ಅಣ್ಣಾಜಿ ಒಮ್ಮೆ ರಸ್ತೆಯಲ್ಲಿ ಎದುರಾದರು. ನಿಂತು, "ನಿಮ್ಮವ್ವ ಹೆಂಗಿದ್ದಾಳ?" ಎಂದು ಕೇಳಿದರು. ಚೆನ್ನಾಗಿದ್ದಾಳೆ ಎಂದಳು. "ಆಕಿಗೆ ಕೇಳಿದೆ ಅಂತ ಹೇಳು," ಎಂದು ಹೋದರು.

ಪಿಂಚಣಿ ಮರಳಿ ಬರಲು ಬಹಳ ತಡವಾಯಿತು. ಒಂಬತ್ತು ಮಂದಿಗೆ ದೀಪಾವಳಿಯ ನಂತರ ಬಂತು. ಒಬ್ಬಾಕೆ ಸತ್ತಿದ್ದಳು. ಕರೆವ್ವನದು ಮಾತ್ರ ನಿಂತೇ ಇತ್ತು, ಏಕೆಂದರೆ ಅವಳ ಫೈಲಿನಲ್ಲಿ ಈಗ ಇಬ್ಬರು ಗಂಡಂದಿರಿದ್ದರು. ತಾನು ಎಂದೂ ಹಾಲಸಿದ್ದಪ್ಪನ ಹೆಂಡತಿಯಾಗಿರಲಿಲ್ಲ ಎಂದು ಪ್ರಮಾಣಪತ್ರ ಕೊಡಬೇಕು ಎಂದರು.

ಅಷ್ಟರಲ್ಲಿ ನಲಿನಿ ಹಾವೇರಿಯ ಕೋರ್ಟಿನ ಎದುರು, ಸಾಲು ಅಂಗಡಿಗಳಲ್ಲಿ ಒಂದು ಪೆಟ್ಟಿಗೆಯಂಥ ಜಾಗ ಹಿಡಿದು, ಹಳೆಯ ಯಂತ್ರವೊಂದನ್ನು ಇಟ್ಟುಕೊಂಡಿದ್ದಳು. ದಿನವೂ ಬ್ಯಾಡಗಿಯಿಂದ ಬಂದು ಹೋಗುತ್ತಿದ್ದಳು. ಕರೆವ್ವ ಹುಡುಕಿಕೊಂಡು ಅಲ್ಲಿಗೆ ಬಂದಳು. ಜೊತೆಗೆ ಸಾಕ್ಷಿಗೆ ಗದಿಗೆವ್ವನೂ ಇದ್ದಳು.

"ನೀವು ಹಚ್ಚಿದ್ದು ನೀವ ಬಿಡಸ್ರಿ," ಎಂದಳು.

ನಲಿನಿ ಟೈಪ್ ಮಾಡಿದಳು. ಕರೆವ್ವ ಹೆಬ್ಬೆಟ್ಟು ಒತ್ತುವ ಮೊದಲು ಪೂರ್ತಿ ಓದಿಸಿಕೊಂಡಳು. ಮತ್ತೊಮ್ಮೆ ಓದಿಸಿದಳು. ಆಮೇಲೆ ಹಾಳೆಯನ್ನು ತಾನೇ ತೆಗೆದುಕೊಂಡು, ಪಕ್ಕದಲ್ಲಿ ನಿಂತಿದ್ದ ಯಾರೋ ಅಪರಿಚಿತ ಕಕ್ಷಿದಾರನ ಕೈಗೆ ಕೊಟ್ಟು, "ಅಣ್ಣಾ, ಇದರಾಗ ಏನೈತಿ ಓದು," ಎಂದಳು. ಅವನು ಓದಿದ. ಎರಡೂ ಒಂದೇ ಆದ ಮೇಲೆ ಹೆಬ್ಬೆಟ್ಟು ಒತ್ತಿದಳು. ನಲಿನಿ ಹಣ ಬೇಡವೆಂದಳು. ಕರೆವ್ವ ಮೇಜಿನ ಮೇಲೆ ಇಟ್ಟೇ ಹೋದಳು.

ಮಾರ್ಚಿನಲ್ಲಿ ಕರೆವ್ವನ ಮನಿಯಾರ್ಡರ್ ಬಂತೆಂದು ನಲಿನಿಗೆ ತಿಳಿದದ್ದು ಟಪಾಲಿನವನಿಂದ.

ಅದೇ ವರ್ಷದ ಮೇ ತಿಂಗಳು. ಸಂಜೆ ನಾಲ್ಕರ ಸುಮಾರಿಗೆ ಕಚೇರಿಯ ಸಿಪಾಯಿಯೊಬ್ಬ ಬಗಲಲ್ಲಿ ದಪ್ಪ ಕಟ್ಟು ಇಟ್ಟುಕೊಂಡು ಅವಳ ಅಂಗಡಿಗೆ ಬಂದ. ಹಸಿರು ರೇಶನ್ ಕಾರ್ಡಿನ ಬಡವರ ಯಾದಿ, ಇವತ್ತೇ ಬೇಕು, ಆಮೇಲೆ ಮೂರು ಕಚೇರಿಗಳಿಗೆ ಹೋಗಬೇಕು ಎಂದ. ನಲಿನಿ ಮೊದಲ ಹಾಳೆ ನೋಡಿದಳು. ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ಮನೆಯ ನಂಬರು.

"ನನಗ ಆಗೂದಿಲ್ರಿ," ಎಂದಳು.

ಸಿಪಾಯಿ ವಾದ ಮಾಡಲಿಲ್ಲ. ಕಟ್ಟು ಎತ್ತಿಕೊಂಡು ಪಕ್ಕದ ಭರಮಣ್ಣನ ಅಂಗಡಿಗೆ ಹೋದ. ಭರಮಣ್ಣ ಇಪ್ಪತ್ತು ವರ್ಷದಿಂದ ಅಲ್ಲೇ ಟೈಪ್ ಮಾಡುತ್ತಿದ್ದವನು. ಸ್ವಲ್ಪ ಹೊತ್ತಿಗೆ ಅವನ ಯಂತ್ರದ ಸದ್ದು ಆರಂಭವಾಯಿತು.

ನಲಿನಿ ಅರ್ಧ ಮುಗಿದ ತನ್ನ ಕರಾರಿಗೆ ಮರಳಿದಳು. ಎರಡು ಸಾಲು ಹೊಡೆದಳು, ಮೂರನೆಯದರಲ್ಲಿ ತಪ್ಪಿತು. ಎದ್ದು ನಿಂತಳು, ಕೂತಳು. ಕೊನೆಗೆ ಯಂತ್ರಕ್ಕೆ ಹೊದಿಕೆ ಹಾಕಿ ಪಕ್ಕದ ಅಂಗಡಿಗೆ ಹೋದಳು.

"ಎಷ್ಟು ಪ್ರತಿ ಹೇಳ್ಯಾರ ಭರಮಣ್ಣಾರ?"

"ಮೂರು."

"ಎಷ್ಟು ಕಾರ್ಬನ್ ಹಾಕೀರಿ?"

ಭರಮಣ್ಣ ಕೈ ನಿಲ್ಲಿಸಿ, ಇದೆಂಥ ಪ್ರಶ್ನೆ ಎನ್ನುವಂತೆ ಅವಳನ್ನು ನೋಡಿದ. "ಎರಡು. ಯಾಕ್ರಿ ಅಕ್ಕಾರ?"

"ಏನಿಲ್ಲ. ನೀವು ಮುಗಸ್ರಿ."

ಅವಳು ಸ್ಟೂಲು ಎಳೆದುಕೊಂಡು ಅವನ ಪಕ್ಕದಲ್ಲಿ ಕುಳಿತಳು. ಬ್ಯಾಡಗಿಯ ಐದೂವರೆ ಬಸ್ಸು ಹೋಯಿತು. ಆರೂವರೆಯದೂ ಹೋಯಿತು. ಕೊನೆಯ ಹಾಳೆ ಯಂತ್ರದಿಂದ ಬಂದು, ಸಿಪಾಯಿ ಮೂರೂ ಪ್ರತಿಗಳನ್ನು ಎಣಿಸಿಕೊಂಡು ಸೈಕಲ್ಲಿಗೆ ಕಟ್ಟುವವರೆಗೆ ಅವಳು ಅಲ್ಲಿಂದ ಏಳಲಿಲ್ಲ.